ಕಾರ್ಡ್ ಸುಟ್ಟಿರಲಿಲ್ಲ

‘ಕಾಕಾ, ವೈಫೈ ಕಾರ್ಡ್ ಸುಟ್ಟಿದೆಯಂತೆ, ಸೂಪರ್ ಮಾರ್ಕೆಟ್‌ಗೆ ಹೋಗಿ ಹೊಸದು ಹಾಕಿಸೋಣ’ ಅಂದಳು ಅಣ್ಣನ ಮಗಳು. ಹಳೆ ಲ್ಯಾಪ್‌ಟಾಪ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಬೂಟ್ ಆಗುವಾಗ ಫರ್ಮ್‌ವೇರ್ ಲೋಡ್ ಆಗಲಿಲ್ಲ ಅಂತ ಒಂದು ಸಾಲು ಬಂದು ಹೋಗುತ್ತಿತ್ತು. ಬೂಟ್ ಸಮಯದ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ (dmesg) ಕಮಾಂಡ್ ಕೊಟ್ಟರೆ ಯಾವ ಫೈಲ್ ಸಿಗಲಿಲ್ಲ ಅಂತ ಹೆಸರು ಸಮೇತ ಹೇಳಿತು.

ಕಾರ್ಡನ್ನು ನಡೆಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇತ್ತು. ಆದರೆ ಕಾರ್ಡಿನೊಳಗಿನ ಪುಟ್ಟ ಚಿಪ್‌ಗೆ ಅದರದೇ ಪ್ರೋಗ್ರಾಂ ಬೇಕು, ಅದೇ ಫರ್ಮ್‌ವೇರ್. ಆನ್ ಮಾಡಿದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ತೆಗೆದು ಕಾರ್ಡಿಗೆ ಕೊಡಬೇಕು. ಆ ಫೈಲೇ ಇಲ್ಲ. ತರಿಸಬೇಕೆಂದರೆ ನೆಟ್ ಬೇಕು, ನೆಟ್ ಬರಬೇಕೆಂದರೆ ಆ ಫೈಲ್ ಬೇಕು! ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ಟನ್ನೇ ಲ್ಯಾಪ್‌ಟಾಪ್‌ಗೆ ಕೊಟ್ಟೆ. ಪ್ಯಾಕೇಜ್ ಇಳಿಯಿತು, ರೀಬೂಟ್ ಮಾಡಿದ ಮೇಲೆ ವೈಫೈ ಬಂತು.

ಇಂಥ ಫೈಲ್‌ಗಳ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಕಂಪನಿಗಳು ಹೆಚ್ಚಾಗಿ ಕೊಡುವುದಿಲ್ಲ. ಅದಕ್ಕೇ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯನ್ನು ರೂಪಿಸುವವರು ಬಹಳ ಕಾಲ ಮುಖ್ಯ ಇನ್‌ಸ್ಟಾಲರ್‌ನಿಂದ ಅವನ್ನು ಹೊರಗಿಟ್ಟಿದ್ದರು. 2022ರಲ್ಲಿ ಮತ ಹಾಕಿ ನಿಲುವು ಬದಲಿಸಿದರು. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತದೆ. ಮುಕ್ತ ಕೋಡ್ ಮೇಲಿನ ಅವರ ಹಟ ನನಗೆ ತುಂಬಾ ಇಷ್ಟ. ಆದರೂ ಈ ತೀರ್ಮಾನ ಸರಿ ಅನ್ನಿಸುತ್ತದೆ. ನೆಟ್ಟೇ ಬರದಿದ್ದರೆ ಹೊಸದಾಗಿ ಕಲಿಯುವ ಹುಡುಗಿ ಲಿನಕ್ಸ್ ಬಿಟ್ಟೇ ಬಿಡುತ್ತಾಳೆ, ಅಲ್ವಾ?

ಕಲಬುರಗಿಯಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ಕಾರ್ಡ್ ಕೊಳ್ಳುವ ಮೊದಲು ಮೆಸೇಜ್ ಮಾಡಿ. ಫರ್ಮ್‌ವೇರ್ ಪ್ಯಾಕೇಜ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟಿದ್ದೇನೆ.