ಕಾರ್ಯಕ್ರಮದ ತಾರೀಕು ಯಾರನ್ನು ಕೇಳಿ ಇಡಬೇಕು?

ಸಣ್ಣ ಊರಿನ ಜನರಿಗಾಗಿ ಚಿತ್ರಕಲೆ, ಫೋಟೋಗ್ರಫಿ, ಪ್ರಕೃತಿ ವೀಕ್ಷಣೆಯ ಕಾರ್ಯಕ್ರಮಗಳನ್ನು ಹೊಂದಿಸುವುದು ನನ್ನ ಕೆಲಸ. ಮೊದಲ ಸಭೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಹಾಲ್ ಯಾವತ್ತು ಖಾಲಿ ಇದೆ? ಅದರ ಹಿಂದೆಯೇ ಇನ್ನೊಂದು. ಮುಖ್ಯ ಅತಿಥಿ ಯಾವತ್ತು ಸಿಗ್ತಾರೆ? ಇವೆರಡು ಗೊತ್ತಾದರೆ ತಾರೀಕು ನಿಕ್ಕಿಯಾಯಿತು ಅಂತ ಎಲ್ಲರೂ ಕುರ್ಚಿ ಬಿಟ್ಟು ಏಳುತ್ತಾರೆ. ಈ ಎರಡು ಪ್ರಶ್ನೆಗಳು ಕೊನೆಗೆ ಬರಬೇಕು ಅನ್ನುವುದು ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ. ಮೊದಲು ಕೇಳಬೇಕಾದ್ದು ಚಂದ್ರನನ್ನು, ಸೂರ್ಯನನ್ನು, ಹಕ್ಕಿಗಳನ್ನು.

ಪತಂಗ ನೋಡುವ ರಾತ್ರಿಯನ್ನೇ ತೆಗೆದುಕೊಳ್ಳಿ. ಇದಕ್ಕೆ ಬೇಕಾಗುವುದು ತುಂಬಾ ಕಡಿಮೆ. ಒಂದು ಬಿಳಿ ಬಟ್ಟೆ, ಎರಡು ಕಂಬದ ನಡುವೆ ಕಟ್ಟಲು ಹಗ್ಗ, ಒಂದು ಯುವಿ (ನೇರಳಾತೀತ) ದೀಪ. ಆದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಇಟ್ಟರೆ ಬಟ್ಟೆಗೆ ಬರುವ ಪತಂಗಗಳು ಕಡಿಮೆಯಾಗುತ್ತವೆ. ಆಕಾಶವೇ ಬೆಳಗಿರುವಾಗ ನಮ್ಮ ದೀಪಕ್ಕೆ ಏನು ಬೆಲೆ ಅಲ್ವಾ? ಅಮಾವಾಸ್ಯೆಯ ಹತ್ತಿರದ, ಗಾಳಿಯಿಲ್ಲದ, ಸ್ವಲ್ಪ ಬೆಚ್ಚಗಿನ ರಾತ್ರಿ ಬೇಕು. 'ಬೆಳದಿಂಗಳಲ್ಲಿ ಇಟ್ಟರೆ ಎಷ್ಟು ಚೆನ್ನಾಗಿರುತ್ತೆ' ಅನ್ನುವವರು ಪ್ರತಿ ಸಮಿತಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ನಾನು ಕವಿಗೋಷ್ಠಿ ಮಾಡೋಣ ಅನ್ನುತ್ತೇನೆ. ಬೆಳದಿಂಗಳು ಅಲ್ಲಿ ಕೆಲಸಕ್ಕೆ ಬರುತ್ತದೆ.

ಬಂದ ಮಕ್ಕಳು ಕೇಳುವ ಪ್ರಶ್ನೆಗೂ ಸಿದ್ಧವಾಗಿರಬೇಕು. ಪತಂಗ ದೀಪಕ್ಕೆ ಯಾಕೆ ಬರುತ್ತೆ? ದೀಪಕ್ಕೆ ಮರುಳಾಗಿ ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ತೋರಿಸಿತು. ಹಾರುವ ಕೀಟಗಳು ಬೆನ್ನನ್ನು ಬೆಳಕಿನ ಕಡೆ ತಿರುಗಿಸಿಕೊಳ್ಳುತ್ತವೆ. ರಾತ್ರಿಯೂ ನೆಲಕ್ಕಿಂತ ಆಕಾಶವೇ ಜಾಸ್ತಿ ಬೆಳಕಾಗಿರುತ್ತದೆ, ಹಾಗಾಗಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಿಳಿಯಲು ಅವಕ್ಕೆ ಅದು ಸುಲಭದ ದಾರಿ. ಹತ್ತಿರದಲ್ಲಿ ಒಂದು ದೀಪ ಹೊತ್ತಿಸಿದರೆ ಈ ಲೆಕ್ಕ ತಪ್ಪುತ್ತದೆ. ಪಾಪ, ಸುತ್ತುತ್ತಲೇ ಇರುತ್ತವೆ. ಇದನ್ನು ಹೇಳಿದ ಮೇಲೆ ದೀಪವನ್ನು ರಾತ್ರಿಯಿಡೀ ಉರಿಸಬಾರದು ಅಂತ ಬೇರೆಯಾಗಿ ಹೇಳಬೇಕಿಲ್ಲ, ಮಕ್ಕಳೇ ಆರಿಸಿ ಅನ್ನುತ್ತಾರೆ. ಎರಡು ಮೂರು ಗಂಟೆಯಲ್ಲಿ ನಿಲ್ಲಿಸಬೇಕು. ಬೆಳಗಿನವರೆಗೆ ಪತಂಗಗಳು ಬಟ್ಟೆಯ ಮೇಲೇ ಉಳಿದರೆ ಹಕ್ಕಿಗಳಿಗೆ ಪುಕ್ಕಟೆ ಊಟ.

ಹಕ್ಕಿ ನೋಡುವ ನಡಿಗೆಯ ಜಗಳ ಬೇರೆ ತರಹದ್ದು. ರಜೆ ದಿನ ಅಲ್ವಾ, ಒಂಬತ್ತಕ್ಕೆ ಇಡಿ ಅನ್ನುತ್ತಾರೆ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ಹಕ್ಕಿಗಳು ಚುರುಕಾಗಿರುತ್ತವೆ, ಜಾಸ್ತಿ ಕೂಗುತ್ತವೆ. ಬಿಸಿಲೇರಿದ ಮೇಲೆ ಜನರಿಗೆ ಕಾಣುವುದು ಎಲೆ ಮಾತ್ರ. ತಡವಾಗಿ ಬಂದು ಏನೂ ಕಾಣದೆ ಹೋದವರು ಮತ್ತೆ ಬರುವುದಿಲ್ಲ, ಬೇಗ ಏಳುವುದಕ್ಕೆ ಗೊಣಗಿದವರು ಬರುತ್ತಾರೆ. ಹಾಗಾಗಿ ನಾನು ಹೊತ್ತಿನಲ್ಲಿ ರಾಜಿ ಆಗುವುದಿಲ್ಲ, ಬೇಕಾದರೆ ನಡೆಯುವ ದೂರ ಕಡಿಮೆ ಮಾಡುತ್ತೇನೆ. ಗುಂಪು ಹತ್ತು ಹನ್ನೆರಡು ಜನ ಮೀರಿದರೆ ಎರಡು ಮಾಡುವುದು ಒಳ್ಳೆಯದು.

ಇಲ್ಲೇ ಇನ್ನೊಂದು ಮಾತು. ಗೂಡು ಕಟ್ಟುವ ಕಾಲದಲ್ಲಿ ಫೋಟೋಗ್ರಫಿ ನಡಿಗೆ ಇಡಬೇಡಿ. ಉದ್ದನೆಯ ಲೆನ್ಸ್ ಹಿಡಿದವರು ಹತ್ತು ಜನ ಒಂದು ಗೂಡಿನ ಸುತ್ತ ನಿಂತರೆ ತಾಯಿ ಹಕ್ಕಿ ಹತ್ತಿರ ಬರುವುದೇ ಇಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಅಭ್ಯಾಸ ಕೆಲವರಿಗಿದೆ. ಎದುರಾಳಿ ಬಂದಿದ್ದಾನೆ ಅಂತ ಹಕ್ಕಿ ಮರಿ ಬಿಟ್ಟು ಓಡಿ ಬರುತ್ತದೆ. ಇದು ಬೇಡ ಅಂತ ನಡಿಗೆ ಶುರುವಾದ ಮೇಲೆ ಹೇಳಿದರೆ ಮುಖ ಗಂಟಿಕ್ಕುತ್ತಾರೆ. ಹೆಸರು ಬರೆಸುವ ಫಾರ್ಮಿನಲ್ಲೇ ಹಾಕಿದರೆ ತಕರಾರಿಲ್ಲ.

ನನಗೆ ತುಂಬಾ ಇಷ್ಟದ್ದು ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ. ಚಿತ್ರ, ಫೋಟೋ, ಗಿಡಮರ ಮೂರೂ ಒಂದೇ ಮೇಜಿನ ಮೇಲೆ ಸೇರುತ್ತವೆ. ಕ್ಯಾಮೆರಾ ಬೇಡ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡರ ದ್ರಾವಣ ಬೆರೆಸಿ ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಒಣಗಿಸಬೇಕು. ಮೇಲೆ ಒಂದು ಎಲೆ, ಅದರ ಮೇಲೆ ಗಾಜು, ಆಮೇಲೆ ಬಿಸಿಲು. ಹಳದಿ ಹಸಿರಿದ್ದ ಕಾಗದ ಮಂಕಾದ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ತೊಳೆದರೆ ಎಲೆ ಇದ್ದ ಜಾಗ ಬಿಳಿ, ಉಳಿದದ್ದೆಲ್ಲ ಕಡು ನೀಲಿ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಇದನ್ನು ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಕಡಲ ಪಾಚಿಗಳನ್ನು ಹೀಗೆ ಅಚ್ಚು ಮಾಡಿ ಪುಸ್ತಕವಾಗಿ ಹೊರತರಲು ಶುರು ಮಾಡಿದರು. ಫೋಟೋಗಳಿರುವ ಮೊದಲ ಪುಸ್ತಕ ಅಂತ ಅದನ್ನೇ ಹೇಳುವುದು ವಾಡಿಕೆ.

ಇಲ್ಲಿ ಗಡಿಯಾರ ಸೂರ್ಯನ ಕೈಯಲ್ಲಿದೆ. ನೆತ್ತಿಯ ಬಿಸಿಲಿನಲ್ಲಿ ಐದು ಹತ್ತು ನಿಮಿಷ ಸಾಕು. ಸಂಜೆ ಐದಕ್ಕೆ ಇಟ್ಟರೆ ಮಕ್ಕಳು ಕಾದು ಕಾದು ಎಲೆ ಎತ್ತಿ ನೋಡುತ್ತಾರೆ, ಚಿತ್ರ ಹಾಳಾಗುತ್ತದೆ. ಮೋಡವಿದ್ದರೂ ಆಗುತ್ತದೆ, ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಹಿಡಿಯುತ್ತದೆ. ಅಂಥ ದಿನಕ್ಕೆ ನಡುವೆ ಮಾಡಿಸಲು ಬೇರೆ ಏನಾದರೂ ಇಟ್ಟುಕೊಂಡಿರಬೇಕು, ಎಲೆಯ ಸ್ಕೆಚ್ ಮಾಡಿಸಬಹುದು. ತೊಳೆಯುವ ನೀರು ಮೇಜಿನ ಹತ್ತಿರವೇ ಇರಲಿ. ಮಕ್ಕಳ ಕೈಗೆ ಕೈಗವಸು ಇರಲಿ.

ಹಾಲಿನೊಳಗಿನ ಪ್ರದರ್ಶನಕ್ಕೂ ಹೊತ್ತು ಮುಖ್ಯ. ಪ್ರದರ್ಶನ ತೆರೆಯುವ ಹೊತ್ತಿಗೆ ಒಂದು ದಿನ ಮುಂಚೆ ಹೋಗಿ ಸುಮ್ನೆ ನಿಂತು ನೋಡಿ. ಕಿಟಕಿಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ಆ ಗೋಡೆಗೆ ಜಲವರ್ಣ ಚಿತ್ರ ಬೇಡ, ಅದರ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಮ್ಯೂಸಿಯಂಗಳು ಜಲವರ್ಣಕ್ಕೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸುಮಾರಿನ ಮಂದ ಬೆಳಕನ್ನೇ ಇಡುವುದು ಇದೇ ಕಾರಣಕ್ಕೆ. ಗಾಜು ಹಾಕಿದ ಫೋಟೋ ಕಿಟಕಿಯ ಎದುರಿದ್ದರೆ ನೋಡುವವರಿಗೆ ಕಾಣುವುದು ಅವರ ಮುಖವೇ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಮೇಲಿರಲಿ. ಮಕ್ಕಳ ಚಿತ್ರಗಳಾದರೆ ನಾನು ಇನ್ನೂ ಕೆಳಗೆ ಹಾಕುತ್ತೇನೆ.

ಫೋಟೋ ಕಳಿಸಲು ಕೊನೆ ದಿನವನ್ನು ಪ್ರಿಂಟಿಗೆ ಕೊಡುವ ದಿನದ ಹಿಂದಿನ ದಿನ ಇಡುವುದು ನಮ್ಮಲ್ಲಿ ಎಲ್ಲರ ಚಾಳಿ. ಒಂದು ವಾರ ಮುಂಚೆ ಇಡಿ. ಕಾರಣ ವಾಟ್ಸಾಪ್. ಜನ ಫೋಟೋವನ್ನು ಅದರಲ್ಲೇ ಕಳಿಸುತ್ತಾರೆ, ಮಾಮೂಲಿ ಗುಣಮಟ್ಟದಲ್ಲಿ ಅದು ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿದು ಬರುತ್ತದೆ. 12×18 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. ಗೋಡೆಯ ಮೇಲಿನದ್ದನ್ನು ದೂರದಿಂದ ನೋಡುತ್ತಾರೆ, ಹಾಗಾಗಿ 200 ಡಿಪಿಐ ಇದ್ದರೂ ನಡೆಯುತ್ತದೆ, ಆದರೆ 1600 ಯಾವ ಲೆಕ್ಕಕ್ಕೂ ಸಾಲದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ, 'ಹಾಗೆ ಮತ್ತೆ ಕಳಿಸಿ' ಅಂತ ಒಬ್ಬೊಬ್ಬರಿಗೂ ಫೋನ್ ಮಾಡಲು ಆ ವಾರ ಬೇಕಾಗುತ್ತದೆ.

ತಾರೀಕೇ ಹೊಳೆಯದಿದ್ದರೆ ಲೋಕವೆಲ್ಲ ಸೇರುವ ದಿನಗಳಿವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ, 1998ರಲ್ಲಿ ಶುರುವಾದದ್ದು. ಕನಿಷ್ಠ 15 ನಿಮಿಷ ನಿಂತು ಎಣಿಸಿದರೂ ಆಯಿತು. ಹೊಸಬರನ್ನು ಕರೆತರಲು ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಜುಲೈ ಕೊನೆಯಲ್ಲಿ ಪತಂಗಗಳ ವಾರವಿದೆ. ಆಗಸ್ಟ್ 19 ಫೋಟೋಗ್ರಫಿ ದಿನ, 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೆರೊಟೈಪ್ ಅನ್ನುವ ಹಳೆಯ ಫೋಟೋ ವಿಧಾನವನ್ನು ಬಹಿರಂಗಪಡಿಸಿದ ದಿನ ಅದು. ಆದರೆ ಪತಂಗಗಳ ವಾರದಲ್ಲಿ ನಿಮ್ಮಲ್ಲಿ ಹುಣ್ಣಿಮೆಯೋ ಜಡಿಮಳೆಯೋ ಇದ್ದರೆ, ಆ ವಾರವನ್ನು ಧಾರಾಳವಾಗಿ ಬಿಟ್ಟುಬಿಡಿ.

ಕಾರ್ಯಕ್ರಮ ಮುಗಿದ ಮೇಲೂ ಹೊತ್ತಿನ ವಿಷಯ ಒಂದು ಉಳಿದಿರುತ್ತದೆ. ಅಪರೂಪದ ಹಕ್ಕಿಯೋ ಆರ್ಕಿಡ್ಡೋ ಸಿಕ್ಕರೆ ಅಲ್ಲಿಂದಲೇ ಗ್ರೂಪಿಗೆ ಹಾಕುವ ಆತುರ ಎಲ್ಲರಿಗೂ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತಾನಾಗಿಯೇ ಮಸುಕು ಮಾಡುತ್ತದೆ. ಮೊಬೈಲಿನ ಮೂಲ ಫೋಟೋ ಹಾಗಲ್ಲ, ತೆಗೆದ ಜಾಗದ ಜಿಪಿಎಸ್ ವಿವರ ಅದರೊಳಗೇ ಇರಬಹುದು. ಅದರಲ್ಲೂ ನಾವೇ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ ತರಿಸಿದ ಫೈಲುಗಳಲ್ಲಿ ಇದು ಹಾಗೇ ಬಂದಿರುತ್ತದೆ. ಅದಕ್ಕೇ ಆಲ್ಬಂ ಹಂಚುವ ಮುಂಚೆ ಲೊಕೇಶನ್ ಅಳಿಸುವ ಕೆಲಸವನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸುತ್ತೇವೆ. ಗೂಡಿನ ಫೋಟೋ ಯಾರಾದರೂ ದೂರದಿಂದ ತೆಗೆದಿದ್ದರೂ ಮರಿಗಳು ಹಾರಿಹೋಗುವವರೆಗೆ ಅದು ಆಲ್ಬಂಗೆ ಸೇರುವುದಿಲ್ಲ.