ದಾಸೋಹದ ರೊಟ್ಟಿ

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ರಾತ್ರಿಯಾದರೂ ನಿಲ್ಲುವುದಿಲ್ಲ. ಊರೂರುಗಳಿಂದ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತದೆ. ಹೋದ ವರ್ಷ ನಾನು ಬಾಡಿಗೆಗಿರುವ ಮನೆಯ ಒಡತಿ ಅವ್ವನ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕುಳಿತಿದ್ದರು. ಮುಷ್ಟಿಯಷ್ಟು ಹಿಟ್ಟು ನೋಡನೋಡುತ್ತಲೇ ತೆಳ್ಳಗೆ ಹರಡಿ ಹಂಚಿಗೆ ಬೀಳುತ್ತಿತ್ತು; ಮೇಲೆ ಒದ್ದೆ ಬಟ್ಟೆ ಸವರಿದೊಡನೆ ಚುಯ್ ಎಂದು ಹಬೆ ಏಳುತ್ತಿತ್ತು. ನನಗೂ ರೊಟ್ಟಿ ಬಡಿಯಲು ಬರುತ್ತದೆ. ಸೆರಗು ಸಿಕ್ಕಿಸಿಕೊಂಡು ಕೂರಲು ಹೋದೆ.

“ಬೇಡ ಅಕ್ಕೋರೇ. ನೀವು ದೇವರಿಲ್ಲ ಎನ್ನುವವರು. ಇದು ಮಠದ ಅಜ್ಜನ ದಾಸೋಹಕ್ಕೆ ಹೋಗುವ ರೊಟ್ಟಿ” ಎಂದರು ಅವ್ವ. ಸಿಟ್ಟಿರಲಿಲ್ಲ, ಮೈಲಿಗೆಯ ಅಂಜಿಕೆಯಿತ್ತು. ನಾನು ಜ್ವರದಲ್ಲಿ ಮಲಗಿದ್ದಾಗ ಗಂಜಿ ಕಾಯಿಸಿ ಕೊಟ್ಟ ಕೈ ಅದು. ಕೋಣೆಗೆ ಬಂದು ಅತ್ತೆ.

ಆ ರವಿವಾರ ವಿಚಾರವಾದಿ ಗೆಳೆಯರ ನಡುವೆ ಇದನ್ನು ಹೇಳಿಕೊಂಡೆ. “ಕುರಿಮಂದೆ. ಅವರಿಂದ ಇನ್ನೇನು ಬಯಸುತ್ತೀರಿ?” ಎಂದ ಒಬ್ಬ. ಎಲ್ಲರೂ ನಕ್ಕರು. ನಾನು ಸುಮ್ಮನಿದ್ದೆ. ನಡುರಾತ್ರಿಯವರೆಗೆ ಹಂಚಿನ ಮುಂದೆ ಬೆವರಿ, ಕಾಣದ ಯಾರದೋ ಹಸಿವಿಗೆ ರೊಟ್ಟಿ ಮಾಡಿದವರನ್ನು ಕುರಿ ಎಂದಾಗ ಬಾಯಿ ತೆರೆಯದ ನನ್ನ ಮೌನ ಅವ್ವನ ‘ಬೇಡ’ಕ್ಕಿಂತ ಹೆಚ್ಚು ಚುಚ್ಚಿತು.

ನಾನು ಇತಿಹಾಸ ಕಲಿಸುತ್ತೇನೆ. ಇದೇ ಗವಿಮಠದ ಗುಡ್ಡದಲ್ಲಿ ಅಶೋಕನ ಶಾಸನವಿದೆ. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ತೋರಿಸುತ್ತೇನೆ. ಅವನ ಹನ್ನೆರಡನೆಯ ಬಂಡೆ ಶಾಸನದ ಪಾಠವನ್ನೂ ಮಾಡಿದ್ದೇನೆ: ತನ್ನ ಪಂಥದ ಮೇಲಿನ ಮೋಹದಿಂದ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ. ಸಂವಿಧಾನದ 25ನೆಯ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಬಾಯಿಪಾಠ ಮಾಡಿಸಿದ್ದೇನೆ. ಅದು ನನಗೆಷ್ಟೋ ಅವ್ವನಿಗೂ ಅಷ್ಟೇ. ಮುಂದಿನ ರವಿವಾರ ಗೆಳೆಯರಿಗೆ ಅದನ್ನೇ ಹೇಳಿದೆ. “ಹಾಗಾದರೆ ನೀವೂ ಮಠಕ್ಕೆ ಹೊರಟಿರಿ” ಎಂದರು. ನಾನು ಹೊರಟಿರಲಿಲ್ಲ. ದೇವರಿಲ್ಲವೆಂದು ಇಂದಿಗೂ ನಂಬಿದ್ದೇನೆ.

ಈ ಪುಷ್ಯದಲ್ಲೂ ಅವ್ವ ನನ್ನನ್ನು ರೊಟ್ಟಿಗೆ ಕರೆಯಲಿಲ್ಲ. ಅವರಿಗೆ ಮೊಣಕಾಲು ನೋವು. ಗಿರಣಿಯಿಂದ ಹಿಟ್ಟಿನ ಚೀಲ ಹೊತ್ತು ತಂದು ಹೊಸ್ತಿಲ ಈಚೆಗೇ ಇಳಿಸಿದೆ. ಅವ್ವ ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಗ್ಗಿ, ಅದನ್ನು ಒಳಗೆ ಎಳೆದುಕೊಂಡರು.