ಚಕ್ರದ ಮೇಲಿನ ಬಚ್ಚಲು

ಎಳ್ಳಮಾವಾಸ್ಯೆಯ ಬೆಳಿಗ್ಗೆ ಸೋಮೇಶ್ವರದ ಕಡಲಲ್ಲಿ ಮಿಂದು ಬಂದವರಿಗೆ ಬಟ್ಟೆ ಬದಲಾಯಿಸಲು ಒಂದು ಬೈರಾಸು ಸಾಕು. ಸೊಂಟಕ್ಕೆ ಸುತ್ತಿ, ಒಳಗಿನ ಒದ್ದೆ ಪಂಚೆ ಜಾರಿಸಿದರೆ ಆಯಿತು. ಇಷ್ಟು ಕೆಲಸಕ್ಕೆ ಇಂಗ್ಲೆಂಡಿನವರು 18ನೇ ಶತಮಾನದಲ್ಲಿ ಕುದುರೆಗಾಡಿಯನ್ನೇ ಕಟ್ಟಿಸಿದ್ದರು.

ಸ್ಕಾರ್ಬರೋದಲ್ಲಿ ಕಡಲ ಬದಿಯಲ್ಲೇ ಖನಿಜ ನೀರಿನ ಒರತೆ ಇತ್ತು. ಅದನ್ನು ಕುಡಿಯಲು ಬಂದ ರೋಗಿಗಳು ನಿಧಾನಕ್ಕೆ ಉಪ್ಪುನೀರಿಗೂ ಇಳಿದರು. 1735ರ ಒಂದು ಕೆತ್ತನೆಚಿತ್ರದಲ್ಲಿ ಅಲ್ಲಿನ ಸ್ನಾನದ ಗಾಡಿ ಆಗಲೇ ಕಾಣಿಸುತ್ತದೆ. ಅದೊಂದು ಮರದ ಪೆಟ್ಟಿಗೆಮನೆ, ಹಿಂದೊಂದು ಮುಂದೊಂದು ಬಾಗಿಲು. ದಡದ ಕಡೆಯಿಂದ ಹತ್ತಿ, ಬಟ್ಟೆ ಕಳಚಿ, ನೀರು ತಾಗದಷ್ಟು ಎತ್ತರದಲ್ಲಿಡಬೇಕು. ಅಷ್ಟರಲ್ಲಿ ಕುದುರೆ ಗಾಡಿಯನ್ನು ನೀರಿಗೆ ಎಳೆದಿರುತ್ತದೆ. ಕಡಲ ಕಡೆಯ ಬಾಗಿಲು ತೆರೆದು ಮೆಟ್ಟಿಲಿಳಿದರೆ ಸ್ನಾನ. ವಾಪಸು ಬರಲು ಕುದುರೆಯನ್ನು ಇನ್ನೊಂದು ತುದಿಗೆ ಕಟ್ಟಬೇಕು. ಮಾರ್ಗೇಟಿನ ಬೆಂಜಮಿನ್ ಬೀಲ್ ಇದಕ್ಕೆ ಕ್ಯಾನ್ವಾಸಿನ ಮಡಚುವ ಕೊಡೆಯನ್ನೂ ಸೇರಿಸಿದ. ಅದು ನೀರಿನವರೆಗೆ ಇಳಿಯುತ್ತಿತ್ತು, ಒಳಗೆ ಮೀಯುವವರು ಯಾರ ಕಣ್ಣಿಗೂ ಬೀಳರು.

ಬಂದವರಲ್ಲಿ ಹೆಚ್ಚಿನವರಿಗೆ ಈಜು ಗೊತ್ತಿರಲಿಲ್ಲ. ಹಿಡಿದು ಮುಳುಗಿಸಲೆಂದೇ ಗಟ್ಟಿಮುಟ್ಟಾದ ಹೆಂಗಸರಿದ್ದರು. ಬ್ರೈಟನ್ನಿನ ಮಾರ್ಥಾ ಗನ್ ಅವರಲ್ಲೆಲ್ಲ ಹೆಸರುವಾಸಿ. ಬ್ರೈಟನ್ನಿಗೆ ಜನ ನುಗ್ಗಲು ಮುಖ್ಯ ಕಾರಣ ಡಾಕ್ಟರ್ ರಿಚರ್ಡ್ ರಸೆಲ್. ಗ್ರಂಥಿರೋಗಗಳಿಗೆ ಸಮುದ್ರದ ನೀರೇ ಮದ್ದು ಎಂದು 1750ರಲ್ಲಿ ಬರೆದ ಆತ ಮೀಯಲು ಹೇಳಿದ್ದಲ್ಲದೆ ಕುಡಿಯಲೂ ಹೇಳಿದ, ಅದೂ ಸುಮಾರು ಅರ್ಧ ಲೀಟರ್! ಲೀಟರಿಗೆ 35 ಗ್ರಾಂನಷ್ಟು ಉಪ್ಪಿರುವ ನೀರು ಕರುಳಿಗೆ ಹೋದರೆ ಮೈಯ ನೀರನ್ನೇ ಅಲ್ಲಿಗೆ ಎಳೆಯುತ್ತದೆ. ಬೇದಿ ಖಂಡಿತ. ಅದನ್ನೇ ಆ ಕಾಲದವರು ಗುಣ ಎಂದು ಲೆಕ್ಕ ಹಾಕಿದರು.

ಗಾಡಿಗೆ ಚಕ್ರ ಬೇಕಾದದ್ದು ಬರೀ ನಾಚಿಕೆಗಲ್ಲ. ಬ್ರೈಟನ್ನಿನಲ್ಲಿ ದೊಡ್ಡ ಉಬ್ಬರವಿಳಿತದ ದಿನ ನೀರಿನ ಮಟ್ಟ ಆರು ಮೀಟರ್‌ನಷ್ಟು ಏರಿ ಇಳಿಯುತ್ತದೆ. ಬೆಳಿಗ್ಗೆ ನಿಲ್ಲಿಸಿದ ಗಾಡಿ ಮಧ್ಯಾಹ್ನಕ್ಕೆ ಒಣದಂಡೆಯಲ್ಲಿ, ಇಲ್ಲವೇ ನಡುನೀರಿನಲ್ಲಿ. ಮಂಗಳೂರಿನಲ್ಲಿ ಆ ಅಂತರ ಸುಮಾರು ಒಂದೂವರೆ ಮೀಟರ್ ಮಾತ್ರ. ನಾಲ್ಕು ಹೆಜ್ಜೆ ಹಿಂದೆ ಮುಂದೆ ಆದರೆ ಮುಗಿಯಿತು.

ನಮ್ಮಲ್ಲಿ ವೈದ್ಯನ ಚೀಟಿಯಿಲ್ಲ, ಪಂಚಾಂಗ ಹೇಳಬೇಕು. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ ಬಿಟ್ಟರೆ ಹಳೆಯ ಕಾಲದವರು ಸಮುದ್ರಸ್ನಾನಕ್ಕೆ ಹೊರಡುತ್ತಿದ್ದುದು ಕಡಿಮೆ. ಮಧ್ವಾಚಾರ್ಯರು ಮಲ್ಪೆಯ ಕಡಲಿಗೆ ಮೀಯಲು ಹೋದಾಗಲೇ ಉಡುಪಿಯ ಕೃಷ್ಣ ಸಿಕ್ಕಿದ್ದೆಂಬ ಕತೆ ಯಾರಿಗೆ ಗೊತ್ತಿಲ್ಲ! ಆದರೆ ತೊಡಕೂ ಅಲ್ಲೇ ಇದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದಾಗುವುದರಿಂದ ಉಬ್ಬರ ದೊಡ್ಡದು. ಆಟಿ ಅಮಾವಾಸ್ಯೆಯಂತೂ ಮಳೆಗಾಲದ ಅಲೆಗಳ ನಡುವೆಯೇ ಬರುತ್ತದೆ. ಅಂದಿನ ಮರವಂತೆಯ ಜಾತ್ರೆಗೆ ಬಂದವರಿಗೆ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಕಡಲು ಕೆಟ್ಟದಾಗಿದ್ದರೆ ಹೊಳೆ ಇದ್ದೇ ಇದೆ.

ಕಡಲಿಗೇ ಇಳಿಯುವುದಾದರೆ ಮೊಣಕಾಲು ನೀರು ಧಾರಾಳ. ಅಲೆಗೆ ಬೆನ್ನು ಕೊಡಬಾರದು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಹೊಯಿಗೆಯನ್ನೂ ಒಯ್ಯುತ್ತದೆ, ಬೀಳುವುದು ಆಗಲೇ. ಎರಡೂ ಕಡೆ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಹೊಸಬರು ಅಲ್ಲಿಗೇ ಹೋಗುತ್ತಾರೆ. ದಡಕ್ಕೆ ಬಂದ ನೀರೆಲ್ಲ ಹಿಂದಿರುಗುವ ದಾರಿ ಅದು. ಸಿಕ್ಕಿಬಿದ್ದರೆ ದಡದತ್ತ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಬೇಕು. ನೊರೆ ಶುರುವಾದಲ್ಲಿ ಸೆಳೆತ ಬಿಡುತ್ತದೆ, ಅಲೆಯೇ ದಡಕ್ಕೆ ತಳ್ಳುತ್ತದೆ.